ಫೋರ್ಕಿಗೆ ಕವೆ, ಸಸ್ಪೆನ್ಷನ್ನಿಗೆ ಅಮಾನತು: ನನ್ನ ಆಕ್ಷೇಪ, ಮತ್ತು ಇನ್ನೂ ಸಿಗದ ಒಂದು ಪದ

ಮಾನ್ಯ ಮೇಷ್ಟ್ರಿಗೂ ಉಳಿದ ಹಿರಿಯರಿಗೂ ನಮಸ್ಕಾರ.

ಹಳೆಯ ಬೈಕುಗಳ ಮುಂದಿನ ಫೋರ್ಕಿಗೆ, ಅಂದರೆ ಮುಂಚಕ್ರವನ್ನು ಹಿಡಿದು ಗುಂಡಿಯ ಪೆಟ್ಟು ತಾಳುವ ಜೋಡಿ ಕೊಳವೆಗಳಿಗೆ, ಎಮ್ಯುಲೇಟರ್ ಎಂಬ ಕವಾಟವನ್ನು ಕೂರಿಸುವ ವಿಧಾನದ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ ಎಂದು ಮೊನ್ನೆ ಇಲ್ಲಿ ಬರೆದಿದ್ದೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಿ, ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಒಂದು ಗ್ಯಾರೇಜಿನ ಗೋಡೆಗೆ ಏರಬೇಕು. ಫ್ರಂಟ್ ಸಸ್ಪೆನ್ಷನ್ ಅಪ್‌ಗ್ರೇಡ್ ಎಂಬುದಕ್ಕೆ ಕಂಪ್ಯೂಟರ್ ಅನುವಾದ ಕೊಟ್ಟ ತಲೆಬರಹ 'ಮುಂಭಾಗದ ಅಮಾನತು ನವೀಕರಣ' ಎಂದಿತ್ತು. ನಮ್ಮಲ್ಲಿ ಅಮಾನತಾಗುವುದು ಸರ್ಕಾರಿ ನೌಕರ, ನವೀಕರಣವಾಗುವುದು ಪರವಾನಗಿ. ಇವೆರಡನ್ನೂ ಜೋಡಿಸಿ ಬೈಕಿನ ಮೇಲೆ ಹೊರಿಸಿದರೆ ಓದುವವನಿಗೆ ಏನೂ ತಲುಪುವುದಿಲ್ಲ. 'ಮುಂದಿನ ಫೋರ್ಕಿನ ಸುಧಾರಣೆ' ಎಂದು ಬದಲಿಸಿದ್ದೇನೆ.

ಇದಕ್ಕೆ ಮೇಷ್ಟ್ರು, 'ಕವೆ ಇರುವಾಗ ಫೋರ್ಕ್ ಎಂದು ಬರೆಯುವುದು ಸೋಮಾರಿತನ' ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಕವೆ, ಕವಲು, ತಮಿಳಿನ ಕವೈ ಒಂದೇ ಬೇರಿನವು ಎಂಬುದನ್ನೂ, ತುದಿ ಎರಡಾಗಿ ಕವಲೊಡೆದ ಕವೆಗೋಲನ್ನು ಕಂಡವರಿಗೆ ಸೈಕಲ್ಲಿನ ಮುಂಚಕ್ರವನ್ನು ಹಿಡಿದ ಕಬ್ಬಿಣವೂ ಕವೆಯೆಂದೇ ತೋರುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಅವುಗಳನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕುಗಳ ಬಾಯಲ್ಲಿ ಫೋರ್ಕ್ ಎಂಬುದು 'ಫೋರ್ಕಿಗೆ', 'ಫೋರ್ಕಿಂದ' ಎಂದು ವಿಭಕ್ತಿ ಹಚ್ಚಿಕೊಂಡು ಕನ್ನಡದ ನಾಮಪದವೇ ಆಗಿಹೋಗಿದೆ. ಲಾರಿಯ ಅಡಿಯ ಪಟ್ಟಿಗಳಿಗೆ ಪಾರಸಿಯ ಕಮಾನು, ಅದೇ ಲಾರಿಯ ಬಾಗಿಲು ತೆಗೆಯಲು ಪೋರ್ಚುಗೀಸರಿಂದ ಬಂದ ಚಾವಿ ನಮಗೆ ಸಲ್ಲುತ್ತವೆಯಾದರೆ, ಫೋರ್ಕ್ ಒಂದೇ ಏಕೆ ಅಪರಾಧಿಯಾಗಬೇಕು? ಸ್ಪ್ಯಾನರ್ ಹಿಡಿದವನಿಗೆ ತನ್ನದೇ ಕೆಲಸದ ಪದವನ್ನು ಮರೆಯಲು ಹೇಳುವುದು ಭಾಷಾಸೇವೆಯೆಂದು ನಾನು ನಂಬುವುದಿಲ್ಲ.

ನನಗೆ ನಿಜವಾಗಿ ಪದ ಬೇಕಿರುವುದು ವಸ್ತುಗಳಿಗಲ್ಲ, ಕ್ರಿಯೆಗಳಿಗೆ. ಕಳೆದ ವಾರ ಆ ಗ್ಯಾರೇಜಿನಲ್ಲಿ ನಿಂತು ನೋಡಿದೆ. ಫೋರ್ಕಿನ ಮೇಲಿನ ಮುಚ್ಚಳವನ್ನು ಕೊನೆಯ ಸುತ್ತು ತಿರುಗಿಸುತ್ತಿದ್ದಂತೆ ಸ್ಪ್ರಿಂಗು ಅದನ್ನು ಅಂಗೈಗೆ ನೂಕಿತು. ಬಗ್ಗಿಸಿದಾಗ ಕಪ್ಪಾದ ಎಣ್ಣೆ ಕಮಟು ವಾಸನೆಯೊಂದಿಗೆ ಡಬ್ಬಕ್ಕೆ ಸುರಿಯಿತು. ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿದ ಹುಡುಗ, 'ನೋಡಿ ಅಣ್ಣ, ಕೂತ್ಬಿಟ್ಟಿದೆ' ಎಂದ. ಈ ಮಾತು ನನ್ನ ಕರಡನ್ನು ತಿದ್ದಿತು. ಸವಾರ ಕುಳಿತಾಗ ಫೋರ್ಕ್ ಎಷ್ಟು ತಗ್ಗುತ್ತದೆಯೋ ಆ ಅಳತೆಗೆ ನಾನು 'ಕೂರುವಿಕೆ' ಎಂದು ಬರೆದಿದ್ದೆ. ಗ್ಯಾರೇಜಿನಲ್ಲಿ ಅದು ಸ್ಪ್ರಿಂಗು ಸತ್ತಿದೆಯೆಂಬ ಅರ್ಥ ಕೊಡುತ್ತದೆ. 'ಕುಸಿತ' ಎಂದರೆ ಗುಡ್ಡವೋ ಬೆಲೆಯೋ ನೆನಪಾಗುತ್ತದೆ. ಹಾಗಾಗಿ 'ಇಳಿತ' ಎಂದು ನಿಲ್ಲಿಸಿದ್ದೇನೆ.

ಆಯಿಲ್ ಲೆವೆಲ್ಲಿಗೆ 'ಎಣ್ಣೆಯ ಮಟ್ಟ' ಎಂಬುದನ್ನೂ ಬಿಟ್ಟಿದ್ದೇನೆ. ಸ್ಪ್ರಿಂಗು ತೆಗೆದು, ಫೋರ್ಕನ್ನು ಪೂರ್ತಿ ಒತ್ತಿ, ಕೊಳವೆಯ ಬಾಯಿಂದ ಕೆಳಕ್ಕೆ ಅಳೆಯುವ ಅಂತರವದು; ಅಂಕಿ ಹೆಚ್ಚಾದಷ್ಟೂ ಎಣ್ಣೆ ಕಡಿಮೆ. ಮಟ್ಟ ಎಂದರೆ ಜನ ತಳದಿಂದ ಅಳೆಯುತ್ತಾರೆ.

ಇನ್ನು ಡ್ಯಾಂಪಿಂಗ್, ಅಂದರೆ ಫೋರ್ಕಿನ ಏರಿಳಿತವನ್ನು ಎಣ್ಣೆ ತಡೆದು ನಿಧಾನಿಸುವುದು. ಒಬ್ಬರು 'ಅವಮಂದನ' ಸೂಚಿಸಿದ್ದಾರೆ. ಭೌತಶಾಸ್ತ್ರದ ತರಗತಿಯಲ್ಲಿ ಅದು ಸಲ್ಲಬಹುದು, ಆದರೆ ನಮ್ಮ ಅಡುಗೆಮನೆಯಲ್ಲಿ ಮಂದವೆಂದರೆ ಗಟ್ಟಿ. ಎಣ್ಣೆ ಎಷ್ಟು ಗಟ್ಟಿಯಿರಬೇಕು ಎಂದು ಹೇಳುವ ಹಾಳೆಯಲ್ಲಿಯೇ ಈ ಪದ ಬಂದರೆ ಗೊಂದಲ ಖಂಡಿತ. 'ತಡೆ' ಸಾಕು. ಆದರೆ ಒಂದೇ ತಡೆ ಸಾಲದು, ಕಷ್ಟವಿರುವುದು ಅಲ್ಲಿಯೇ. ಹಳೆಯ ಫೋರ್ಕಿನಲ್ಲಿ ಎಣ್ಣೆ ಅಳತೆ ಬದಲಾಗದ ತೂತುಗಳ ಮೂಲಕ ನುಗ್ಗುತ್ತದೆ. ಆದ್ದರಿಂದ ಬ್ರೇಕ್ ಹಿಡಿದಾಗ ಮೂತಿ ಸಲೀಸಾಗಿ ತಗ್ಗುತ್ತದೆ, ಗುಂಡಿಗೆ ಬಿದ್ದಾಗ ಎಣ್ಣೆ ಅಷ್ಟು ಬೇಗ ದಾಟಲಾರದೆ ಪೆಟ್ಟು ಮಣಿಕಟ್ಟಿಗೆ ಬರುತ್ತದೆ. ಎಮ್ಯುಲೇಟರ್ ಹಾಕುವಾಗ ಒಳಗಿನ ರಾಡಿನ ಕೆಳಗಿನ ತೂತುಗಳನ್ನು ದೊಡ್ಡದು ಮಾಡಿ, ಫೋರ್ಕ್ ಒತ್ತಿಕೊಳ್ಳುವಾಗಿನ ತಡೆಯನ್ನು ಮೇಲಿನ ಕವಾಟಕ್ಕೆ ವಹಿಸುತ್ತಾರೆ. ಮರಳಿ ಮೇಲೇಳುವಾಗಿನ ತಡೆಯನ್ನು ಹೆಚ್ಚು ಕಡಿಮೆ ಮಾಡಲು ಎಣ್ಣೆಯ ಗಟ್ಟಿತನವನ್ನೇ ಬದಲಿಸಬೇಕು. ಎರಡಕ್ಕೂ ಒಂದೇ ಪದ ಬಳಸಿದರೆ, ಹ್ಯಾಂಡಲ್ ಕುಪ್ಪಳಿಸುತ್ತಿದೆ ಎಂಬ ದೂರಿಗೆ ಹುಡುಗ ಎಣ್ಣೆ ಬದಲಿಸುವ ಬದಲು ಕವಾಟವನ್ನು ಬಿಗಿಮಾಡುತ್ತಾನೆ. ಅದರಿಂದ ಗುಂಡಿಯ ಪೆಟ್ಟು ಹೆಚ್ಚಾಗುತ್ತದೆಯೇ ಹೊರತು ಕುಪ್ಪಳಿಸುವುದು ನಿಲ್ಲುವುದಿಲ್ಲ.

ಮೊದಲನೆಯದಕ್ಕೆ 'ಒತ್ತುತಡೆ' ಒಪ್ಪುತ್ತದೆ. ಎರಡನೆಯದಕ್ಕೆ 'ಏಳುತಡೆ' ಎಂದರೆ ಸಂಖ್ಯೆಯೆಂದು ಓದುತ್ತಾರೆ. 'ಮರಳುತಡೆ' ಎಂದರೆ ಉಸುಕು ಒಳಹೋಗದಂತೆ ಕಾಯುವ ರಬ್ಬರು ಎಂದುಕೊಳ್ಳುತ್ತಾರೆ, ಮತ್ತು ಫೋರ್ಕಿನಲ್ಲಿ ಅಂಥ ಡಸ್ಟ್ ಸೀಲ್ ಇರುವುದೂ ನಿಜ. 'ಚಿಮ್ಮುತಡೆ' ನನಗೆ ಬಹಳ ಹಿಡಿಸಿತ್ತು, ಆದರೆ ಅದು ಎಣ್ಣೆ ಚಿಮ್ಮದಂತೆ ತಡೆಯುವ ಆಯಿಲ್ ಸೀಲಿನ ಹೆಸರಿನಂತೆ ಕೇಳಿಸುತ್ತದೆ.

ಮೇಷ್ಟ್ರೇ, ಕವೆಯ ವ್ಯುತ್ಪತ್ತಿಗೆ ತಾವು ಕೊಟ್ಟ ಗಮನದಲ್ಲಿ ಸ್ವಲ್ಪವನ್ನು ಈ ಪದಕ್ಕೆ ಕೊಡಬೇಕೆಂದು ಕೋರುತ್ತೇನೆ. ಧಾತುಗಳನ್ನು ತಮ್ಮಷ್ಟು ಬಲ್ಲವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಹಾಳೆಯ ಕೋಷ್ಟಕದ ಮನೆ ಕಿರಿದಾಗಿದೆ, ಐದಾರು ಅಕ್ಷರಗಳಿಗಷ್ಟೇ ಜಾಗ. ನಾಳೆ ಮಧ್ಯಾಹ್ನ ಮೂರರೊಳಗೆ ಪದ ಬರದಿದ್ದರೆ, ಅಕ್ಷರದ ಗಾತ್ರ ಇಳಿಸಿ 'ಒತ್ತುವಾಗಿನ ತಡೆ', 'ಏಳುವಾಗಿನ ತಡೆ' ಎಂದೇ ಅಚ್ಚುಮಾಡಿಸುತ್ತೇನೆ.