ನಾಲ್ಕು ದಿನ ನಿಂತ ಕಾರು, ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ: ರಿಂಗ್ ಹೋಗಿದೆಯಾ?

ಪ್ರಶ್ನೆ (ತೀರ್ಥಹಳ್ಳಿ):
ನಮಸ್ಕಾರ ಸರ್. ಅಪ್ಪನ ಪೆಟ್ರೋಲ್ ಕಾರು, 2011ರ ಮಾಡೆಲ್, 1.2 ಲೀಟರ್, ನಾಲ್ಕು ಸಿಲಿಂಡರ್, 92 ಸಾವಿರ ಕಿ.ಮೀ. ಓಡಿದೆ. ಅಪ್ಪ ಈಗ ಓಡಿಸೋದು ಕಮ್ಮಿ, ವಾರಗಟ್ಟಲೆ ಅಂಗಳದಲ್ಲೇ ನಿಂತಿರುತ್ತೆ. ನಾನು ಬೆಂಗಳೂರಿಂದ ಊರಿಗೆ ಬಂದಾಗ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರ್‌ನಿಂದ ದಟ್ಟವಾಗಿ ನೀಲಿ ಹೊಗೆ, ಕರಟಿದ ಆಯಿಲ್ ವಾಸನೆ. ಅರ್ಧ ನಿಮಿಷ, ಹೆಚ್ಚಂದ್ರೆ ಒಂದು ನಿಮಿಷ. ಆಮೇಲೆ ಏನೂ ಇಲ್ಲ, ಪಿಕಪ್ ಚೆನ್ನಾಗೇ ಇದೆ. ಒಂದು ಗ್ಯಾರೇಜಲ್ಲಿ ತೋರಿಸಿದೆ. ಬಾನೆಟ್ ಎತ್ತಿ ನೋಡಿ "ರಿಂಗ್ ಹೋಗಿದೆ, ಇಂಜಿನ್ ಇಳಿಸ್ಬೇಕು, 45 ಸಾವಿರ ಆಗುತ್ತೆ" ಅಂದ್ರು. ಈ ಕಾರಿಗೆ ಅಷ್ಟು ಹಾಕೋದಾ? ಮಾಡಿಸ್ಲಾ, ಮಾರಿಬಿಡ್ಲಾ?

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ):
ಎರಡೂ ಬೇಡ, ಸ್ವಲ್ಪ ತಡೀರಿ. ರಿಂಗ್ ಅಂದ್ರೆ ಸಿಲಿಂಡರ್ ಒಳಗೆ ಪಿಸ್ಟನ್ ಸುತ್ತ ಇರೋ ಬಳೆ, ಬಾನೆಟ್ ಎತ್ತಿ ನೋಡಿದ ಮಾತ್ರಕ್ಕೆ ಕಾಣಿಸಲ್ಲ.

ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಉರೀತಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬಣ್ಣ ನೋಡಿದ್ರೆ ಸಾಲದು, ಯಾವ ಹೊತ್ತಲ್ಲಿ ಬರುತ್ತೆ ಅನ್ನೋದನ್ನ ನೋಡ್ಬೇಕು. ರಿಂಗ್ ಸವೆದಿದ್ರೆ ಗಾಡಿ ಬಿಸಿಯಾದ ಮೇಲೂ ಹೊಗೆ ಇರುತ್ತೆ, ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಇನ್ನೂ ಜಾಸ್ತಿ ಆಗುತ್ತೆ. ನಿಂತಿದ್ದು ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಉಂಡೆ ಬಂದು ನಿಂತುಹೋದ್ರೆ ನನ್ನ ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ.

ಆಗೋದು ಇಷ್ಟು. ಇಂಜಿನ್ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರ್ ಒಳಗೆ, ವಾಲ್ವ್‌ಗಳನ್ನ ತೆರೆಯೋ ಕ್ಯಾಮ್‌ಶಾಫ್ಟ್ ಸುತ್ತ ಯಾವಾಗಲೂ ಆಯಿಲ್ ಇರುತ್ತೆ. ಅಲ್ಲಿಂದ ವಾಲ್ವಿನ ಕಡ್ಡಿ ಗೈಡ್ ಅನ್ನೋ ಕೊಳವೆ ಮೂಲಕ ಕೆಳಗೆ ಇಳಿಯುತ್ತೆ. ಕಡ್ಡಿಯನ್ನ ತಬ್ಬಿ ಹಿಡಿದಿರೋ ಸಣ್ಣ ರಬ್ಬರ್ ಸೀಲ್ ಆಯಿಲ್ ಜಾಸ್ತಿ ಇಳಿಯದ ಹಾಗೆ ನೋಡ್ಕೊಳ್ಳುತ್ತೆ. ಹದಿನಾಲ್ಕು ವರ್ಷ ಕಾದು ತಣಿದು ಆ ರಬ್ಬರ್ ಹಳೇ ಕುಕ್ಕರ್ ಗ್ಯಾಸ್ಕೆಟ್ ತರ ಗಟ್ಟಿಯಾಗಿರುತ್ತೆ. ಇಂಜಿನ್ ಆಫ್ ಮಾಡಿದ ಮೇಲೆ ಮೇಲಿರೋ ಆಯಿಲ್ ಕಡ್ಡಿ ಹಿಡಿದು ಜಿನುಗುತ್ತೆ. ಆ ವಾಲ್ವ್ ತೆರೆದು ನಿಂತಿದ್ರೆ ಸೀದಾ ಸಿಲಿಂಡರ್‌ಗೆ ಬೀಳುತ್ತೆ, ಮುಚ್ಚಿದ್ರೆ ವಾಲ್ವಿನ ಬೆನ್ನ ಮೇಲೆ ಕೂತಿರುತ್ತೆ. ನೀವು ಕೀ ತಿರುಗಿಸಿದ ತಕ್ಷಣ ಅಷ್ಟೂ ಒಟ್ಟಿಗೆ ಉರಿಯುತ್ತೆ.

ಸೀಲ್ ಕೆಲಸಕ್ಕೆ ಕೈ ಹಾಕೋ ಮೊದಲು ದುಡ್ಡಿಲ್ಲದೆ ನೋಡಬಹುದಾದ್ದು ನೋಡಿ. ಆಯಿಲ್ ಲೆವೆಲ್ ಎಷ್ಟಿದೆ? ನಿಮ್ಮನೆ ಅಂಗಳ ಇಳಿಜಾರಾ?

ಪ್ರಶ್ನೆ (ತೀರ್ಥಹಳ್ಳಿ):
ಹೌದು ಸರ್, ಮಲ್ನಾಡಲ್ಲಿ ಸಮ ಅಂಗಳ ಎಲ್ಲಿ ಸಿಗುತ್ತೆ ಮಾರಾಯ್ರೇ. ಮೂತಿ ಕೆಳಗೆ ಮಾಡಿ ನಿಲ್ಸೋದು. ಡಿಪ್‌ಸ್ಟಿಕ್ಕಲ್ಲಿ ಕೆಳಗಿನ ಗುರುತಿಗೆ ಇತ್ತು ಅಂತ ಅಪ್ಪ ಕಳೆದ ತಿಂಗಳು ಅರ್ಧ ಲೀಟರ್ ಹಾಕ್ಸಿದಾರಂತೆ.

ಉತ್ತರ:
ಇದೇ ಕೇಳ್ಬೇಕಿತ್ತು. ಇಳಿಜಾರಲ್ಲಿ ನೋಡಿದ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತೆ. ಗಾಡಿ ಓರೆಯಾದ ಕಡೆಗೆ ಆಯಿಲ್ ಸರಿಯುತ್ತೆ, ಇದ್ದದ್ದು ಕಮ್ಮಿ ಕಾಣುತ್ತೆ, ಇಲ್ಲಾ ಜಾಸ್ತಿ ಕಾಣುತ್ತೆ. ಕಮ್ಮಿ ಅಂತ ಸುರಿದ್ರೆ ಮ್ಯಾಕ್ಸ್ ದಾಟಿರುತ್ತೆ, ಆ ಹೆಚ್ಚಿನ ಆಯಿಲ್ ಬ್ರೀದರ್ (ಇಂಜಿನ್ ಆವಿ ಹೋಗೋ ಪೈಪ್) ಹಿಡಿದು ಇಂಟೇಕ್‌ಗೆ (ಇಂಜಿನ್ ಗಾಳಿ ಎಳ್ಕೊಳ್ಳೋ ದಾರಿಗೆ) ಹೋಗಿ ಅದೇ ಹೊಗೆ ಆಗುತ್ತೆ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲ ಸಾಮಾನ್ಯವಾಗಿ ಸಮ ಇರುತ್ತೆ, ಅಲ್ಲಿ ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಮ್ಯಾಕ್ಸ್ ಮೇಲಿದ್ರೆ ತೆಗೆಸಿ.

ಇಳಿಜಾರು ಇನ್ನೊಂದು ಕೆಲಸನೂ ಮಾಡುತ್ತೆ. ನಿಮ್ಮ ಇಂಜಿನ್ ಅಡ್ಡ ಕೂತಿದೆ. ಮೂತಿ ಕೆಳಗಾದ್ರೆ ಹೆಡ್ಡಿನಲ್ಲಿ (ವಾಲ್ವ್ ಇರೋ ಇಂಜಿನ್ ಮೇಲ್ಭಾಗದಲ್ಲಿ) ಉಳಿದ ಆಯಿಲ್ ಮುಂದಿನ ಸಾಲಿನ ವಾಲ್ವ್‌ಗಳ ಕಡೆ ಬಂದು ನಿಲ್ಲುತ್ತೆ. ಗಾಡಿ ತಿರುಗಿಸಿ ಮೂತಿ ಮೇಲೆ ಮಾಡಿ ಅಷ್ಟೇ ದಿನ ನಿಲ್ಲಿಸಿ ನೋಡಿ. ಹೊಗೆ ಹೆಚ್ಚು ಕಮ್ಮಿ ಆದ್ರೆ ಆಯಿಲ್ ಮೇಲಿಂದ ಇಳೀತಿದೆ ಅಂತ ಅರ್ಥ. ರಿಂಗ್ ಸವೆತಕ್ಕೆ ಗಾಡಿ ಯಾವ ಕಡೆ ಮುಖ ಮಾಡಿದೆ ಅನ್ನೋ ಹಂಗಿಲ್ಲ.

ಹಾಗೇ ಪಿಸಿವಿ ವಾಲ್ವ್ ನೋಡಿ. ಅದು ಇಂಜಿನ್ ಒಳಗಿನ ಆವಿಯನ್ನ ಇಂಟೇಕ್‌ಗೆ ಎಳ್ಕೊಳ್ಳೋ ದಾರಿ. ಬಿಚ್ಚಿ ಅಲ್ಲಾಡಿಸಿದ್ರೆ ಸಾಮಾನ್ಯವಾಗಿ ಕಟಕಟ ಅನ್ಬೇಕು, ಒಂದೇ ಕಡೆಗೆ ಗಾಳಿ ಬಿಡ್ಬೇಕು. ಕೆಸರು ಕಟ್ಟಿ ತೆರೆದೇ ನಿಂತಿದ್ರೆ ಆಯಿಲನ್ನೂ ಎಳೆಯುತ್ತೆ. ಸಣ್ಣ ಸಾಮಾನು, ಬದಲಾಯಿಸಿದ್ರೆ ಆಯ್ತು.

ಇನ್ನು ನಿಮಗೆ ಆಗುಂಬೆ ಹತ್ತಿರ. ನಿಮ್ಮ ಕಡೆಯವರಿಗೆ ಮಾತ್ರ ಸಿಗೋ ಪರೀಕ್ಷೆ ಇದು. ಘಾಟಿ ಇಳಿಯುವಾಗ ಎರಡನೇ ಗೇರಲ್ಲಿ ಕಾಲು ತೆಗೆದು ಇಳೀರಿ. ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಮುಚ್ಚಿ ಇಂಜಿನ್ ಜೋರಾಗಿ ತಿರುಗುವಾಗ ಇಂಟೇಕ್‌ನಲ್ಲಿ ಎಳೆತ ಜಾಸ್ತಿ, ಸೀಲ್ ಸಡಿಲ ಇದ್ರೆ ಆಯಿಲ್ ಒಳಗೆ ಬರುತ್ತೆ. ಕೆಳಗೆ ಸೋಮೇಶ್ವರದಲ್ಲಿ ರಸ್ತೆ ಸಮ ಆದ ಮೇಲೆ, ಹಿಂದೆ ಯಾರೂ ಇಲ್ಲದಾಗ, ಒಮ್ಮೆ ಒತ್ತಿ. ಪಕ್ಕ ಕೂತವರು ಕನ್ನಡಿ ನೋಡ್ಲಿ. ಒಂದು ನೀಲಿ ಉಂಡೆ ಬಂದು ಮಾಯ ಆದ್ರೆ ಸೀಲ್ ಅಥವಾ ಗೈಡ್ ಹೋಗಿದೆ ಅಂತ. (ನ್ಯೂಟ್ರಲ್ಲಲ್ಲಿ ಘಾಟಿ ಇಳಿಯೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಹೊಗೆಗಿಂತ ಅದು ದೊಡ್ಡ ಅಪಾಯ.)

ಪ್ರಶ್ನೆ (ಹಾಸನ):
ಮಧ್ಯೆ ಬಾಯಿ ಹಾಕ್ತೀನಿ ಅಣ್ಣ. ನಂದು ಡೀಸೆಲ್ ಪಿಕಪ್. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯ್ಸುತ್ತೆ, ಆಮೇಲೆ ನೀಲಿ ಬಿಳಿ ಹೊಗೆ, ಒಂದ್ ಸ್ವಲ್ಪ ಹೊತ್ತು ಇಂಜಿನ್ ಕುಂಟುತ್ತೆ. ನಂದೂ ವಾಲ್ವ್ ಸೀಲಾ?

ಉತ್ತರ:
ಡೀಸೆಲ್ಲಿಗೆ ಈ ಲೆಕ್ಕ ಬೇರೆ. ಇಂಟೇಕ್‌ನಲ್ಲಿ ಪೆಟ್ರೋಲ್ ಗಾಡಿಯಷ್ಟು ಎಳೆತ ಇರಲ್ಲ, ಸೀಲ್ ಮೇಲೆ ಅನುಮಾನ ಆಮೇಲೆ. ಹೊಗೆ ಕಣ್ಣು ಉರಿಸ್ತಿದ್ಯಾ, ಹಸಿ ಡೀಸೆಲ್ ವಾಸನೆ ಇದ್ಯಾ? ಹಾಗಿದ್ರೆ ಅದು ಆಯಿಲ್ ಅಲ್ಲ, ಉರಿಯದೆ ಹೊರಗೆ ಬಂದ ಡೀಸೆಲ್. ಬೆಳಗಿನ ಬಿಸಿಲಲ್ಲಿ ಅದೂ ನೀಲಿ ಕಾಣುತ್ತೆ. ನಿಮ್ಮ ಇಂಜಿನ್‌ಗೆ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡೋ ಮುಂಚೆ ಒಳಗೆ ಬಿಸಿ ಮಾಡೋದು) ಇದ್ರೆ ಮಲ್ಟಿಮೀಟರ್ ಹಿಡಿಸಿ. ಸರಿ ಇರೋದು ಒಂದು ಓಮ್ ಆಸುಪಾಸು ತೋರಿಸುತ್ತೆ, ಸತ್ತಿದ್ದು ಓಪನ್ (ಕರೆಂಟ್ ಹರಿಯಲ್ಲ ಅಂತ) ತೋರಿಸುತ್ತೆ. ಅದು ಸರಿ ಇದ್ರೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಕಡೆ ಹೋಗಿ.

ವಾಸನೆ ಆಯಿಲ್ಲಿಂದೇ ಆದ್ರೆ ಟರ್ಬೋದಿಂದ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪ್) ಆ ಗಾಳಿ ತಣಿಸೋ ಇಂಟರ್‌ಕೂಲರಿಗೆ ಹೋಗೋ ಪೈಪ್ ಬಿಚ್ಚಿ ನೋಡಿ. ತೆಳ್ಳಗೆ ಜಿಡ್ಡು ಇದ್ರೆ ಹೆದರ್ಬೇಡಿ. ಸುರಿಯೋಷ್ಟು ಇದ್ರೆ ಟರ್ಬೋ ತೋರಿಸೋವರೆಗೆ ಓಡಿಸ್ಬೇಡಿ. ಟರ್ಬೋ ಪೂರ್ತಿ ಕೈಕೊಟ್ರೆ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಕುಡಿದು ತಾನಾಗೇ ರೇಸ್ ಆಗುತ್ತೆ, ಕೀ ತೆಗೆದ್ರೂ ನಿಲ್ಲದೇ ಇರಬಹುದು. ಹಾಗಾದ್ರೆ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಸ್ಬೇಕು. ಡ್ರೈವರ್‌ಗೆ ಇದನ್ನ ಮೊದಲೇ ಹೇಳಿಟ್ಟಿರಿ.

ಪ್ರಶ್ನೆ (ಮಡಿಕೇರಿ):
ನಮ್ಮ ಚಿಕ್ಕಪ್ಪನ ಹಳೇ ಬುಲೆಟ್, ಕ್ಯಾಸ್ಟ್ ಐರನ್ ಇಂಜಿನ್. ಮಳೆಗಾಲ ಪೂರ್ತಿ ಕೊಟ್ಟಿಗೇಲಿ ನಿಂತಿತ್ತು. ಡಿಪ್‌ಸ್ಟಿಕ್ಕಲ್ಲಿ ಆಯಿಲೇ ಇಲ್ಲ! ಹೊರಗೆ ಒಂದು ಹನಿ ಸೋರಿಲ್ಲ. ಸುರಿದು ಕಿಕ್ ಹೊಡೀಲಾ?

ಉತ್ತರ:
ಸುರೀಬೇಡಿ! ಆಯಿಲ್ ಎಲ್ಲೂ ಹೋಗಿಲ್ಲ. ಆ ಇಂಜಿನ್‌ನಲ್ಲಿ ಆಯಿಲ್‌ಗೆ ಬೇರೆ ಕೋಣೆ ಇದೆ. ಒಂದು ಪಂಪ್ ಅಲ್ಲಿಂದ ಕಳಿಸುತ್ತೆ, ಇನ್ನೊಂದು ವಾಪಸ್ ತರುತ್ತೆ. ತಿಂಗಳುಗಟ್ಟಲೆ ನಿಂತ್ರೆ ಪಂಪಿನ ಸಂದಿಯಿಂದ ಜಿನುಗಿ ಕ್ರ್ಯಾಂಕ್ ಇರೋ ಜಾಗಕ್ಕೆ ಇಳಿದಿರುತ್ತೆ. ಡಿಪ್‌ಸ್ಟಿಕ್ ತೋರಿಸೋದು ಖಾಲಿಯಾದ ಕೋಣೆಯನ್ನ. ನೀವು ಮೇಲೆ ತುಂಬಿಸಿದ್ರೆ ಒಟ್ಟು ಆಯಿಲ್ ಎರಡರಷ್ಟಾಗಿ ಬ್ರೀದರಿಂದ ಉಕ್ಕುತ್ತೆ.

ಕ್ರ್ಯಾಂಕ್‌ಕೇಸ್ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ, ಇಳಿದಿರೋದನ್ನ ಶುದ್ಧ ಪಾತ್ರೆಗೆ ಹಿಡೀರಿ. ಇಷ್ಟು ದಿನ ನಿಂತಿದೆ ಅಂದ್ಮೇಲೆ ಪೂರ್ತಿ ಹೊಸ ಆಯಿಲ್ ಹಾಕೋದೇ ಒಳ್ಳೇದು. ಕಿಕ್ ಹೊಡೆದ ಮೇಲೆ ಸ್ವಲ್ಪ ಹೊತ್ತು ಹೊಗೆ ಬಂದೇ ಬರುತ್ತೆ. ಬಿಸಿಯಾದ ಮೇಲೆ ಆಫ್ ಮಾಡಿ, ಆಗ ಲೆವೆಲ್ ನೋಡಿ. ವಾರಕ್ಕೊಮ್ಮೆ ಓಡಿಸಿದ್ರೆ ಈ ತಾಪತ್ರಯ ಬಹಳ ಕಮ್ಮಿ ಆಗುತ್ತೆ, ಅಷ್ಟಾದ್ರೂ ಇಳೀತಿದ್ರೆ ಪಂಪ್ ಸವೆದಿದೆ.

ಪ್ರಶ್ನೆ (ತೀರ್ಥಹಳ್ಳಿ):
ಬಂದೆ ಸರ್. ಬಂಕಲ್ಲಿ ನೋಡಿದ್ರೆ ಆಯಿಲ್ ಮ್ಯಾಕ್ಸಿಗಿಂತ ಮೇಲಿತ್ತು, ತೆಗೆಸಿದೆ. ಪಿಸಿವಿ ಸರಿ ಇದೆ. ಮೂತಿ ಮೇಲೆ ಮಾಡಿ ನಿಲ್ಸಿದ್ರೆ ಹೊಗೆ ಅರ್ಧಕ್ಕರ್ಧ ಕಮ್ಮಿ, ನಿಂತಿಲ್ಲ. ಸೋಮೇಶ್ವರದಲ್ಲಿ ಒತ್ತಿದಾಗ ನೀವು ಹೇಳಿದ ಹಾಗೇ ಒಂದು ಉಂಡೆ! ತಂಗಿ ವಿಡಿಯೋ ಮಾಡಿದ್ದಾಳೆ. ಪ್ಲಗ್ ಬಿಚ್ಚಿಸಿದೆ. ಮೂರನೇದರ ತುದಿ ಕಪ್ಪು, ಜಿಡ್ಡು. ಎರಡನೇದರ ತುದಿ ಒಣಗಿದೆ, ಆದ್ರೆ ಮರೆ (ತಿರುಪಿನ ಸುತ್ತು) ಹತ್ತಿರ ಆಯಿಲ್. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನಾಲ್ಕೂ 165ರಿಂದ 175 ಪಿಎಸ್‌ಐ ಒಳಗೆ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದ್ರೂ ಹೆಚ್ಚೇನೂ ಏರ್ಲಿಲ್ಲ.

ಉತ್ತರ:
ರಿಂಗ್ ಬದುಕಿದೆ. ಸವೆದಿದ್ರೆ ಆ ಒಂದು ಚಮಚ ಆಯಿಲ್ ಸಂದಿ ತುಂಬಿ ಮೀಟರ್ ಅಂಕಿ ಚೆನ್ನಾಗಿ ಏರ್ತಿತ್ತು. ಕಂಪ್ರೆಷನ್ ಒಳ್ಳೇದಿದೆ ಅಂದ್ರೆ ಸೀಲೂ ಒಳ್ಳೇದು ಅಂತಲ್ಲ, ಗಮನಿಸಿ. ವಾಲ್ವ್ ಸೀಲ್ ಹೋದ್ರೆ ಕಂಪ್ರೆಷನ್ನಲ್ಲಿ ಏನೂ ಗೊತ್ತಾಗಲ್ಲ. ಅದಕ್ಕೇ ಘಾಟಿಯ ಪರೀಕ್ಷೆ ಬೇಕಿತ್ತು.

ಎರಡನೇ ಪ್ಲಗ್ಗಿನ ಮರೆಯ ಆಯಿಲ್ ಬೇರೆ ಕಥೆ. ಅದು ಹೊರಗಿನಿಂದ ಬಂದಿದ್ದು, ಟ್ಯಾಪೆಟ್ ಕವರಿನ ಪ್ಲಗ್ ಕೊಳವೆ ಸೀಲ್ ಸೋರ್ತಿದೆ. ಹೊಗೆಗೂ ಅದಕ್ಕೂ ಸಂಬಂಧ ಇಲ್ಲ. ಮೂರನೇದರ ತುದಿಯ ಜಿಡ್ಡೇ ಅಸಲಿ ಸುಳಿವು.

ಪ್ರತಿಕ್ರಿಯೆ (ದಾವಣಗೆರೆ):
ಇಷ್ಟೆಲ್ಲ ಯಾಕೆ? 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿ, ಸೀಮೆಎಣ್ಣೆ ಬಿಟ್ಟು ಫ್ಲಶ್ ಮಾಡಿ. ನಮ್ ಕಡೆ ಎಲ್ಲಾ ಹಿಂಗೇ ಮಾಡೋದು.

ಉತ್ತರ:
ದಪ್ಪ ಆಯಿಲ್ಲಿಗೆ ಹೊಗೆ ಕಮ್ಮಿ ಆಗುತ್ತೆ, ಸುಳ್ಳಲ್ಲ. ಆದ್ರೆ ಈ ಇಂಜಿನ್‌ಗಳ ಆಯಿಲ್ ದಾರಿಗಳು ಸಣ್ಣವು. ಬೆಳಿಗ್ಗೆ ತಣ್ಣಗಿರುವಾಗ ದಪ್ಪ ಆಯಿಲ್ ಮೇಲೆ ಕ್ಯಾಮ್‌ವರೆಗೆ ಹೋಗೋದೇ ತಡ. ಹೊಗೆ ಮುಚ್ಚೋಕೆ ಹೋಗಿ ಕ್ಯಾಮ್ ಸವೆಸೋದು ಯಾಕೆ? ಮ್ಯಾನುಯಲ್ಲಲ್ಲಿ 5ಡಬ್ಲ್ಯೂ-30 ಜೊತೆ 5ಡಬ್ಲ್ಯೂ-40 ಕೂಡ ಕೊಟ್ಟಿದ್ರೆ ಆ ಒಂದು ಮೆಟ್ಟಿಲು ಏರಿ, ಅಷ್ಟು ಸಾಕು. ಸೀಮೆಎಣ್ಣೆ ಖಂಡಿತ ಬೇಡ. ಅದು ಕೆಸರು ಕಿತ್ತು ತಂದು ಆಯಿಲ್ ಜಾಲರಿಗೆ ಕಟ್ಟುತ್ತೆ, ಉಳಿದದ್ದು ಹೊಸ ಆಯಿಲನ್ನೂ ತೆಳು ಮಾಡುತ್ತೆ.

ಪ್ರಶ್ನೆ (ತೀರ್ಥಹಳ್ಳಿ):
ಹಾಗಾದ್ರೆ ಈಗಲೇ ಸೀಲ್ ಹಾಕ್ಸ್ಬೇಕಾ? ಹೆಡ್ ಇಳಿಸ್ಬೇಕಾಗುತ್ತಾ?

ಉತ್ತರ:
ಅವಸರ ಏನಿಲ್ಲ. ಸಮ ನೆಲದಲ್ಲಿ ಲೆವೆಲ್ ನೋಡಿ ಬರೆದಿಡಿ, ಸಾವಿರ ಕಿ.ಮೀ. ಆದ ಮೇಲೆ ಮತ್ತೆ ನೋಡಿ. ಕಾಲು ಲೀಟರ್ ಒಳಗೆ ಕುಡಿದ್ರೆ ಹಾಕ್ಕೊಂಡು ಓಡಿಸಿ ಅಂತೀನಿ ನಾನು. ಅರ್ಧ ಲೀಟರ್ ಹತ್ತಿರ ಬಂದ್ರೆ ಮಾಡಿಸಿ. ಆಯಿಲ್ಲಿನ ರಂಜಕ (ಫಾಸ್ಫರಸ್) ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನ ಹಾಳು ಮಾಡುತ್ತೆ, ಅದರ ಬೆಲೆ ಮುಂದೆ ಸೀಲ್ ಕೆಲಸ ಏನೂ ಅಲ್ಲ.

ಹೆಡ್ ಇಳಿಸದೇ ಮಾಡಬಹುದು. ಕ್ಯಾಮ್ ಬಿಚ್ಚಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಸ್ಪ್ರಿಂಗ್ ಒತ್ತಿ ಲಾಕ್ ತೆಗೆದು ಸೀಲ್ ಬದಲಾಯಿಸೋದು. ಕಂಪ್ರೆಸರ್ ಇಲ್ಲದವರು ಸಿಲಿಂಡರ್ ಒಳಗೆ ನೈಲಾನ್ ಹಗ್ಗ ತುಂಬಿ ಪಿಸ್ಟನ್ ಮೇಲೆ ತಂದು ನಿಲ್ಲಿಸ್ತಾರೆ, ಅದೂ ನಡೆಯುತ್ತೆ. ಕ್ಯಾಮ್ ತಿರುಗಿಸೋ ಟೈಮಿಂಗ್ ಚೈನ್ ಗುರುತು ಮಾಡದೆ ಕ್ಯಾಮ್ ಬಿಚ್ಚೋರ ಕೈಗೆ ಮಾತ್ರ ಕೊಡ್ಬೇಡಿ, ಒಂದು ಹಲ್ಲು ತಪ್ಪಿದ್ರೂ ಇಂಜಿನ್ ಸರಿಯಾಗಿ ಓಡಲ್ಲ, ಹೆಚ್ಚು ತಪ್ಪಿದ್ರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತೆ.

ಕೆಲಸ ಕೊಡುವಾಗ ಕೆಲವು ಮಾತು ಹೇಳಿ. ನಾಲ್ಕು ಸಿಲಿಂಡರಿನ ಹದಿನಾರೂ ವಾಲ್ವಿಗೆ ಸೀಲ್ ಹಾಕಿಸಿ, ಮೂರನೇ ಸಿಲಿಂಡರಿಂದು ಮಾತ್ರ ಸಾಕು ಅಂದ್ರೆ ಒಪ್ಬೇಡಿ. ಸೀಲುಗಳ ಬೆಲೆ ಕಮ್ಮಿ, ಕೂಲಿಯೇ ಜಾಸ್ತಿ, ಅದನ್ನ ಎರಡು ಸಲ ಯಾಕೆ ಕೊಡ್ತೀರಿ. ಇಂಟೇಕ್, ಎಕ್ಸಾಸ್ಟ್ ಸೀಲ್‌ಗಳಿಗೆ ಬೇರೆ ಬೇರೆ ಬಣ್ಣ ಇದ್ರೆ ಅದಲು ಬದಲು ಆಗಬಾರದು. ವಿಟಾನ್ ಅನ್ನೋ ರಬ್ಬರಿನ ಸೀಲ್ ಸಿಕ್ರೆ ಅದೇ ಹಾಕಿ, ಶಾಖ ತಡೆಯುತ್ತೆ. ಪಿಸ್ಟನ್ ಮೇಲಿರುವಾಗ ವಾಲ್ವ್ ಕಡ್ಡಿಯನ್ನ ಅಕ್ಕಪಕ್ಕ ಅಲುಗಾಡಿಸಿ ನೋಡೋಕೆ ಹೇಳಿ. ಆಟ ಜಾಸ್ತಿ ಇದ್ರೆ ಗೈಡ್ ಸವೆದಿದೆ, ಆಗ ಹೊಸ ಸೀಲೂ ಬೇಗ ಹೋಗುತ್ತೆ. ಅಂಥ ಕಡೆ ಮಾತ್ರ ಹೆಡ್ ಇಳಿಸಿ ಲೇತ್‌ಗೆ ಕಳಿಸ್ಬೇಕು. ಟ್ಯಾಪೆಟ್ ಕವರ್ ಹೇಗೂ ಬಿಚ್ಚಿರ್ತಾರೆ, ಆ ಪ್ಲಗ್ ಕೊಳವೆ ಸೀಲೂ ಹಾಕಿಸಿಬಿಡಿ. ಹಳೇ ಸೀಲ್‌ಗಳನ್ನ ಕೇಳಿ ತಗೊಳ್ಳಿ, ಬೆರಳಲ್ಲಿ ಒತ್ತಿದ್ರೆ ಗಟ್ಟಿಯಾಗಿದ್ದು ನಿಮಗೇ ಗೊತ್ತಾಗುತ್ತೆ.

ಪ್ರಶ್ನೆ (ತೀರ್ಥಹಳ್ಳಿ):
ಮಾಡಿಸಿದ ದಿನದಿಂದಲೇ ಹೊಗೆ ನಿಲ್ಲುತ್ತಾ ಸರ್? ಇಲ್ಲಾಂದ್ರೆ ಅಪ್ಪ ಗ್ಯಾರೇಜಿನವರ ಜೊತೆ ಜಗಳಕ್ಕೇ ನಿಲ್ತಾರೆ.

ಉತ್ತರ:
ನಿಲ್ಲಲ್ಲ, ಅಪ್ಪನಿಗೆ ಮೊದಲೇ ಹೇಳಿ. ಇಷ್ಟು ದಿನ ಸೈಲೆನ್ಸರ್ ಒಳಗೆ ಕೂತಿರೋ ಆಯಿಲ್ ಉರಿದು ಹೋಗೋವರೆಗೆ ಸ್ವಲ್ಪ ಹೊಗೆ ಇದ್ದೇ ಇರುತ್ತೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಎರಡು ಮೂರು ಸಲ ಚೆನ್ನಾಗಿ ಬಿಸಿ ಮಾಡಿ ಓಡಿಸಿ. ಆಮೇಲೂ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಅದೇ ಉಂಡೆ ಬಂದ್ರೆ ಮೂರನೇ ಪ್ಲಗ್ ಬಿಚ್ಚಿ ಫೋಟೋ ಹಾಕಿ.