ಅರಿವು ಕೇಂದ್ರಕ್ಕೆ ಮೂರು ಮೆಟ್ಟಿಲು: ರ‍್ಯಾಂಪ್ ಎಷ್ಟು ಉದ್ದ ಬೇಕು, ಹಣ ಯಾವುದರಲ್ಲಿ?

ಬಯಲುಸೀಮೆ_ಓದುಗ
ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸೇರುತ್ತಾರೆ, ಯುವಕ ಸಂಘದ ಸಭೆಯೂ ಅಲ್ಲೇ. ಊರಲ್ಲಿ ಗಾಲಿಕುರ್ಚಿ ಬಳಸುವ ಇಬ್ಬರು ಹುಡುಗರು, ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕುವ ಒಬ್ಬ ಹುಡುಗಿ ಇದ್ದಾರೆ. ಪಿಯುಸಿ ಮುಗಿಸಿದವರು, ಮೂವರೂ ಬರುತ್ತಿಲ್ಲ. ಬಾಗಿಲಿಗೆ 15 ಸೆಂ.ಮೀ.ನ ಮೂರು ಮೆಟ್ಟಿಲು. ಗೋಡೆಯಿಂದ ಕಾಂಪೌಂಡಿಗೆ 5 ಮೀಟರ್, ಬಾಗಿಲಿನಿಂದ ಎಡಮೂಲೆಗೆ 6 ಮೀಟರ್ ಜಾಗ. ಮೇಸ್ತ್ರಿ 2 ಮೀಟರ್ ರ‍್ಯಾಂಪ್ ಸಾಕು ಅನ್ನುತ್ತಿದ್ದಾರೆ. ಗೊತ್ತಿರುವವರು ತಿಳಿಸಿ.

ಸಿವಿಲ್_ಧಾರವಾಡ
ಖಂಡಿತ ಸಾಲದು. 45 ಸೆಂ.ಮೀ. ಎತ್ತರವನ್ನು 2 ಮೀಟರಲ್ಲಿ ಏರಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಹಿಡಿತಕ್ಕೆ ಸಿಗುವುದಿಲ್ಲ. ಇಳಿಜಾರು 1:12 ಇರಬೇಕು (1 ಎತ್ತರಕ್ಕೆ 12 ಉದ್ದ), ಅಂದರೆ 5.4 ಮೀಟರ್. ನಿಮ್ಮ ಜಾಗದಲ್ಲಿ ನೇರ ಹಿಡಿಸದು, ಎಲ್ ಆಕಾರದಲ್ಲಿ ತಿರುಗಿಸಿ. ಬಾಗಿಲ ಮುಂದೆ 1.5 ಮೀಟರ್ ಚೌಕದ ಸಮತಟ್ಟು ಜಗುಲಿ. ಅಲ್ಲಿಂದ ಗೋಡೆಗುಂಟ 3.6 ಮೀಟರ್ ಇಳಿಜಾರು (30 ಸೆಂ.ಮೀ. ಇಳಿಯುತ್ತದೆ), ಮತ್ತೆ 1.5 ಮೀಟರ್ ಸಮತಟ್ಟು. ಅಲ್ಲಿ ಕಾಂಪೌಂಡಿನ ಕಡೆ ತಿರುಗಿ 1.8 ಮೀಟರ್. ಕೆಳಗೆ ತಿರುಗಲು 1.5 ಮೀಟರ್ ಬಿಟ್ಟರೂ ಗೋಡೆಯಿಂದ ಒಟ್ಟು 4.8, ಹಿಡಿಸುತ್ತದೆ. ಅಗಲ 1.2 ಮೀಟರಿಗೆ ಕಡಿಮೆ ಬೇಡ.

ಮೇಲಿನ ಜಗುಲಿ ಬಿಟ್ಟು ಇಳಿಜಾರನ್ನು ನೇರ ಬಾಗಿಲಿಗೇ ತಂದು ನಿಲ್ಲಿಸುವುದು ಎಲ್ಲ ಕಡೆ ಕಾಣುವ ತಪ್ಪು. ಇಳಿಜಾರಲ್ಲಿ ನಿಂತು ಚಕ್ರ ಹಿಡಿದುಕೊಂಡವರು ಬಾಗಿಲು ತಳ್ಳುವುದು ಯಾವ ಕೈಯಿಂದ? ಗ್ರಾನೈಟ್, ಟೈಲ್ಸ್ ಬೇಡವೇ ಬೇಡ, ಮಳೆಗೆ ಊರುಗೋಲು ಜಾರುತ್ತದೆ. ಸಿಮೆಂಟ್ ಹಸಿಯಿರುವಾಗ ಅಡ್ಡಕ್ಕೆ ಪೊರಕೆ ಎಳೆದು ಗೆರೆ ಮೂಡಿಸಿ. ಅಂಚಿಗೆ 10 ಸೆಂ.ಮೀ. ಕಟ್ಟೆ ಕೊಡಿ, ಮುಂದಿನ ಸಣ್ಣ ಚಕ್ರ ಹೊರಗೆ ಜಾರುವುದಿಲ್ಲ. ಎರಡೂ ಬದಿ 90 ಸೆಂ.ಮೀ. ಎತ್ತರದಲ್ಲಿ ಪೈಪಿನ ಕೈಹಿಡಿ ಕಂಬಿ.

ಮೆಟ್ಟಿಲು ಒಡೆಯಬೇಡಿ. ಕ್ಯಾಲಿಪರ್ ಹಾಕಿದವರಲ್ಲಿ ಹಲವರಿಗೆ ಇಳಿಜಾರಿಗಿಂತ ಕೈಹಿಡಿ ಕಂಬಿ ಇರುವ ಮೆಟ್ಟಿಲೇ ವಾಸಿ.

ಇನ್ನು ಬಾಗಿಲು. ಎರಡು ಕದದ ಬಾಗಿಲಿದ್ದು ಒಂದು ಕದಕ್ಕೆ ಸದಾ ಚಿಲಕ ಹಾಕಿದ್ದರೆ ರ‍್ಯಾಂಪ್ ಮಾಡಿಸಿಯೂ ಫಲವಿಲ್ಲ. 90 ಸೆಂ.ಮೀ. ತೆರವು ಬೇಕು, ಹೊಸ್ತಿಲು 12 ಮಿ.ಮೀ. ಮೀರಬಾರದು. ಓದುವ ಮೇಜಿನಡಿ ಮಂಡಿ ತೂರಲು 70 ಸೆಂ.ಮೀ. ಎತ್ತರ ಸಿಗುತ್ತದಾ ಅಳೆದು ನೋಡಿ.

ವಿಆರ್‌ಡಬ್ಲ್ಯು_ತುಮಕೂರು
ದುಡ್ಡಿಗೆ ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಮೀಸಲಿಡುವ ಶೇ. 5ರ ನಿಧಿ ಕೇಳಿ. ಬರೀ ಬಾಯಿಮಾತಲ್ಲಿ ಕೇಳಿದರೆ ಮುಂದಕ್ಕೆ ಹೋಗುತ್ತದೆ. ಮೇಲೆ ಹೇಳಿದ ಅಳತೆಯ ನಕ್ಷೆ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡುವ ನಿಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ (ವಿಆರ್‌ಡಬ್ಲ್ಯು) ಜೊತೆಗೆ ಕರೆದುಕೊಳ್ಳಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಅಂದಾಜುಪಟ್ಟಿಯಲ್ಲಿ ಕೈಹಿಡಿ ಕಂಬಿ ಮತ್ತು ಜಗುಲಿ ಬೇರೆ ಬೇರೆ ಬಾಬ್ತಾಗಿ ಇರಲಿ, ಇಲ್ಲದಿದ್ದರೆ ಕೊನೆಗೆ ಅವನ್ನೇ ಕೈಬಿಡುತ್ತಾರೆ. ಇದು ಯಾರ ದಯೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಕಲಂ ಪ್ರಕಾರ, ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ.

ಮಲೆನಾಡ_ಹುಡುಗಿ
ಶೌಚಾಲಯದ ಮಾತು ಯಾರೂ ಎತ್ತಲಿಲ್ಲ. ಅದಿಲ್ಲದಿದ್ದರೆ ಹುಡುಗಿಯರು ಬೆಳಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಕ್ಯಾಲಿಪರ್ ಹಾಕಿದವರು ಇಂಡಿಯನ್ ಕಮೋಡಿನಲ್ಲಿ ಕುಕ್ಕರುಗಾಲಲ್ಲಿ ಕೂರಲಾರರು. 45ರಿಂದ 48 ಸೆಂ.ಮೀ. ಎತ್ತರದ ಸೀಟು, ಪಕ್ಕದಲ್ಲಿ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು ಬೇಕು. ಒಳಕ್ಕೆ ತೆರೆಯುವಂತಿದ್ದು, ಒಳಗಿದ್ದವರು ಬಿದ್ದರೆ ಬಾಗಿಲು ತಳ್ಳಲೂ ಆಗದು. ಅದನ್ನು ಪೊರಕೆ, ಮುರಿದ ಕುರ್ಚಿ ಇಡುವ ಕೋಣೆ ಮಾಡದಂತೆ ನೋಡಿಕೊಳ್ಳಿ.

ಮೂವರನ್ನೂ ನೇರವಾಗಿ ಮಾತಾಡಿಸಿ, ಅಪ್ಪ ಅಮ್ಮನ ಮೂಲಕ ಬೇಡ. ಮನೆಯಿಂದ ಕೇಂದ್ರದವರೆಗಿನ ದಾರಿಯಲ್ಲಿ ಚರಂಡಿ ಚಪ್ಪಡಿ ಎಲ್ಲಿ ಒಡೆದಿದೆ, ಎಷ್ಟು ಹೊತ್ತಿಗೆ ಬಂದರೆ ಅನುಕೂಲ ಅಂತ ಅವರೇ ಹೇಳುತ್ತಾರೆ. "ನಾಲ್ಕು ಜನ ಎತ್ತಿಕೊಂಡು ಬರ್ತೀವಿ" ಅಂತ ಮಾತ್ರ ಹೇಳಬೇಡಿ; ಇಪ್ಪತ್ತರ ಹರೆಯದವರಿಗೆ ಎಲ್ಲರೆದುರು ಹೊರಿಸಿಕೊಳ್ಳುವುದು ತುಂಬಾ ನೋವಿನ ಸಂಗತಿ.

ಸಿವಿಲ್_ಧಾರವಾಡ
ಒಂದು ಮಾತು ಬಿಟ್ಟುಹೋಯಿತು. ರ‍್ಯಾಂಪಿನ ಬುಡದಲ್ಲಿ ಬೈಕ್ ನಿಲ್ಲಿಸುತ್ತಾರೆ. ಆ 1.5 ಮೀಟರ್ ಚೌಕಕ್ಕೆ ಹಳದಿ ಬಣ್ಣ ಬಳಿಸಿ, ಬೈಕಿಗೆ ಬೇರೆ ಜಾಗ ಗುರುತು ಮಾಡಿ. ಸುತ್ತ ಕಂಬ ನೆಡುವುದಾದರೆ ನಡುವೆ 90 ಸೆಂ.ಮೀ. ತೆರವಿರಲಿ.