ಪದಚರ್ಚೆ: ‘ಫ್ಯಾನ್ ಫಿಲ್ಮ್’ಗೆ ಯಾವ ಪದ? ನಾಳೆ ಸಂಜೆ ಪುಟ ಅಚ್ಚಿಗೆ

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಸ್ಟಾರ್ ಟ್ರೆಕ್‌ನ ಅಭಿಮಾನಿಗಳು ತೆಗೆಯಹೊರಟಿದ್ದ ‘ಆಕ್ಸನಾರ್’ ಚಿತ್ರದ ಮೇಲೆ ಅದರ ಒಡೆತನದ ಸ್ಟುಡಿಯೋಗಳಾದ ಪ್ಯಾರಮೌಂಟ್ ಮತ್ತು ಸಿಬಿಎಸ್ 2015ರ ಡಿಸೆಂಬರಿನಲ್ಲಿ ಹೂಡಿದ ದಾವೆಯ ಕುರಿತ ಲೇಖನವನ್ನು ಕನ್ನಡಿಸುತ್ತಿದ್ದೇನೆ. ಸದ್ಯ ಹಾಕಿರುವುದು ಇಷ್ಟು: ಫ್ಯಾನ್ ಫಿಲ್ಮ್ – ಅಭಿಮಾನಿ ಚಿತ್ರ, ಡೆರಿವೇಟಿವ್ ವರ್ಕ್ – ವ್ಯುತ್ಪನ್ನ ಕೃತಿ, ಫೇರ್ ಯೂಸ್ – ನ್ಯಾಯಯುತ ಬಳಕೆ, ಸೀಸ್ ಅಂಡ್ ಡಿಸಿಸ್ಟ್ – ತಡೆಯಾಜ್ಞೆ ಪತ್ರ. ಕಾಪಿರೈಟಿಗೆ ಹಕ್ಕುಸ್ವಾಮ್ಯವೋ ಕೃತಿಸ್ವಾಮ್ಯವೋ? ‘ಅಭಿಮಾನಿ ಚಿತ್ರ’ ಎಂದರೆ ಅಭಿಮಾನಿಗಳ ಫೋಟೋ ಎಂದುಕೊಂಡಾರು ಅಂತ ಸಂಪಾದಕರ ಆಕ್ಷೇಪ. ದಯವಿಟ್ಟು ಬೇಗ ತಿಳಿಸಿ.

ವಕೀಲಿಕೆ:
ಮೊದಲು ‘ತಡೆಯಾಜ್ಞೆ’ ತೆಗೆಯಿರಿ. ತಡೆಯಾಜ್ಞೆ ಕೊಡುವುದು ನ್ಯಾಯಾಲಯ. ನಿಮ್ಮದು ಕಂಪನಿಯ ವಕೀಲರು ಬರೆದ ಕಾಗದ. ‘ನಿಲ್ಲಿಸದಿದ್ದರೆ ದಾವೆ ಹೂಡುತ್ತೇವೆ’ ಎನ್ನುವುದಷ್ಟೇ ಅದರ ಬಲ. ‘ವಕೀಲರ ನೋಟಿಸು’ ಅನ್ನಿ, ಜನ ಆಡುವ ಮಾತೇ ಅದು. 1996–97ರ ಸುಮಾರಿಗೆ ಆಗ ಪ್ಯಾರಮೌಂಟಿನ ಒಡೆಯನಾಗಿದ್ದ ವಯಾಕಾಮ್ ಕಂಪನಿಯಿಂದ ಸ್ಟಾರ್ ಟ್ರೆಕ್ ಅಭಿಮಾನಿ ತಾಣಗಳಿಗೆ ಹೋದದ್ದೂ ಇಂಥ ನೋಟಿಸೇ. ಅದನ್ನು ಆಜ್ಞೆ ಎಂದು ಬರೆದರೆ ನ್ಯಾಯಾಧೀಶರು ವಿಚಾರಣೆ ನಡೆಸಿ ತೀರ್ಮಾನಿಸಿದರು ಎಂದು ಓದುಗರು ನಂಬುತ್ತಾರೆ.

ಯೂಟ್ಯೂಬಿನಂಥ ತಾಣಕ್ಕೆ ಹೋಗುವ ‘ತೆಗೆಸುವ ನೋಟಿಸು’ ಬೇರೆ, ಅದನ್ನೂ ಇದರೊಳಗೆ ಕಲಸಬೇಡಿ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯಲ್ಲಿ ಅಭಿಮಾನಿ ಪ್ರತಿ-ನೋಟಿಸು ಕೊಟ್ಟ ಮೇಲೆ ಕಂಪನಿ ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೋ ಮರಳಿ ಬರಬೇಕು. ಭಾರತದ 2013ರ ಕಾಪಿರೈಟ್ ನಿಯಮಗಳಲ್ಲಿ ದೂರು ಬಂದ 36 ಗಂಟೆಯೊಳಗೆ ತಾಣ ಅದನ್ನು ತಡೆಹಿಡಿಯಬೇಕು. 21 ದಿನದಲ್ಲಿ ಕೋರ್ಟಿನ ಆದೇಶ ಬರದಿದ್ದರೆ ಮತ್ತೆ ತೋರಿಸಬಹುದು.

‘ನ್ಯಾಯಯುತ ಬಳಕೆ’ ಇರಲಿ. ಆದರೆ ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿಗೆ ಅದೇ ಪದ ಬೇಡ, ಅದಕ್ಕೆ ‘ನ್ಯಾಯಯುತ ವ್ಯವಹಾರ’. ನಮ್ಮಲ್ಲಿ ವಿಮರ್ಶೆ, ಖಾಸಗಿ ಅಧ್ಯಯನ, ಸುದ್ದಿ ಎಂದು ಉದ್ದೇಶಗಳನ್ನೇ ಪಟ್ಟಿ ಮಾಡಿದ್ದಾರೆ. ಅಮೆರಿಕದಲ್ಲಿ ನಾಲ್ಕು ಅಂಶಗಳನ್ನು ತೂಗುತ್ತಾರೆ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಗೆ ಬೀಳುವ ಪೆಟ್ಟು. 2017ರ ಜನವರಿ 3ರಂದು ನ್ಯಾಯಾಧೀಶ ಗ್ಯಾರಿ ಕ್ಲಾಸ್ನರ್ ಆಕ್ಸನಾರ್‌ನವರ ಈ ವಾದವನ್ನು ತಳ್ಳಿಹಾಕಿದರು. ಜನವರಿ 20ಕ್ಕೆ ರಾಜಿಯಾಯಿತು. ಆದ್ದರಿಂದ ‘ಸ್ಟುಡಿಯೋಗಳು ಗೆದ್ದವು’ ಎಂದೂ ಬರೆಯಬೇಡಿ. ಅಂತಿಮ ತೀರ್ಪು ಬರಲೇ ಇಲ್ಲ.

ದರ್ಪಣ:
‘ಹಕ್ಕುಸ್ವಾಮ್ಯ’ ಅರಿಸಮಾಸ, ಅಂದರೆ ಬೇರೆ ನುಡಿಯ ಪದವನ್ನು ಸಂಸ್ಕೃತದ ಪದಕ್ಕೆ ಬೆಸೆದ ದೋಷ. ಅರಬ್ಬಿಯ ಹಕ್ಕಿಗೆ ಸಂಸ್ಕೃತದ ಸ್ವಾಮ್ಯ ಅಂಟಿಸಿದ್ದು, ಅದೂ ಹೆಚ್ಚುಕಡಿಮೆ ಒಂದೇ ಅರ್ಥ ಎರಡು ಸಲ. ಕೃತಿಸ್ವಾಮ್ಯವೇ ಸರಿ. ‘ವ್ಯುತ್ಪನ್ನ’ ಎಂದರೆ ಪಂಡಿತ ಎಂಬ ಅರ್ಥವೂ ಇದೆ. ‘ಸಾಧಿತ ಕೃತಿ’ ಅನ್ನಿ. ಸಾಧಿತ ಶಬ್ದದಲ್ಲಿ ಪ್ರಕೃತಿ ಉಳಿದು ಪ್ರತ್ಯಯ ಸೇರುತ್ತದೆ. ಇಲ್ಲಿಯೂ ಮೂಲದ ಪಾತ್ರ, ಹಡಗು, ಉಡುಪು ಉಳಿದು ಹೊಸ ಕಥೆ ಸೇರಿದೆ.

‘ಅಭಿಮಾನಿ’ಯನ್ನು ಮಾತ್ರ ಬಿಡಬೇಡಿ. ಸಾಂಖ್ಯರಲ್ಲಿ ಅಹಂಕಾರದ ಲಕ್ಷಣವೇ ಅಭಿಮಾನ: ‘ನಾನು, ನನ್ನದು’ ಎಂಬ ಭಾವ. ದೇಹಾಭಿಮಾನ, ಕನ್ನಡಾಭಿಮಾನ ಎಲ್ಲದರಲ್ಲೂ ಅದೇ. ಅಭಿಮಾನಿಗೆ ಪತ್ರವಿಲ್ಲದೆಯೂ ಅದು ತನ್ನದು; ಸ್ವಾಮ್ಯ ಇರುವವನ ಕೈಯಲ್ಲಿ ಪತ್ರವಿದೆ. ಈ ಮೊಕದ್ದಮೆಯ ಎರಡೂ ಪಕ್ಷ ಈ ಎರಡು ಪದಗಳಲ್ಲೇ ನಿಂತಿವೆ. ಇಂಗ್ಲಿಷಿನ ಫ್ಯಾನಿನಲ್ಲಿ ಈ ಅರ್ಥ ಸಿಗುವುದಿಲ್ಲ.

ಅಚ್ಚನುಡಿ:
ಮತ್ತೆ ಸಕ್ಕದದ ಗಂಟು. ನುಡಿಯುವವರ ಬಾಯಲ್ಲಿ ಇಲ್ಲದ ‘ಸಾಧಿತ ಕೃತಿ’ ಯಾರಿಗೆ ಬೇಕು? ‘ಫ್ಯಾನ್’ ಬಂದದ್ದು ‘ಫೆನಾಟಿಕ್’ನಿಂದ, ಅದರ ಬೇರು ಲ್ಯಾಟಿನ್ನಿನ ‘ಫಾನುಮ್’, ಅಂದರೆ ಗುಡಿ. ಗುಡಿಗೆ ನಡೆದುಕೊಳ್ಳುವವರಿಗೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಒಕ್ಕಲು. ‘ನಾವು ಆ ದೇವರ ಒಕ್ಕಲು’ ಎಂದು ಊರೂರಲ್ಲಿ ಹೇಳುತ್ತಾರೆ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳೇ’ ಎಂದು ತಿರುಗಿಸಿ ಕರೆದರೂ ಗುಡಿಯ ನಂಟು ಬಿಡಲಿಲ್ಲ. ‘ಒಕ್ಕಲಿನ ಪಡ’ ಅನ್ನಿ, ಪಡ ಎಂದರೆ ಚಿತ್ರ. ಒಕ್ಕಲು ಎಂದರೆ ಗೇಣಿದಾರನೂ ಹೌದು: ಹೊಲ ಅವರದು, ದುಡಿಮೆ ಇವರದು. ಇದಕ್ಕಿಂತ ಹೊಂದುವ ಪದ ಸಿಗದು.

ವಕೀಲಿಕೆ:
ಹೊಂದುವುದಿಲ್ಲ. 1974ರ ಭೂಸುಧಾರಣೆಯಿಂದ ಒಕ್ಕಲಿಗೆ ಉಳುವ ಹೊಲದ ಮೇಲೆ ಅರ್ಜಿ ಹಾಕುವ ಹಕ್ಕು ಬಂತು, ಎಷ್ಟೋ ಮಂದಿಗೆ ಹೊಲವೇ ಬಂತು. ಐವತ್ತು ವರ್ಷ ಒಂದು ಧಾರಾವಾಹಿಯನ್ನು ಜೀವಂತ ಇಟ್ಟರೂ ಅಭಿಮಾನಿಗೆ ಅರ್ಜಿ ಹಾಕಲು ಕಚೇರಿಯೇ ಇಲ್ಲ. ಇಲ್ಲದ ಹಕ್ಕನ್ನು ಸೂಚಿಸುವ ಪದ ಬೇಡ.

ಅನುವಾದಕಿ:
ಸಂಪಾದಕರು ‘ಹವ್ಯಾಸಿ ಚಿತ್ರ’ ಅನ್ನುತ್ತಿದ್ದಾರೆ, ಹವ್ಯಾಸಿ ರಂಗಭೂಮಿ ಇದ್ದ ಹಾಗೆ. ಆಗಬಹುದೇ?

ವಕೀಲಿಕೆ:
ಖಂಡಿತ ಬೇಡ. ಜಗಳ ಹುಟ್ಟಿದ್ದೇ ಅಲ್ಲಿ. ಆಕ್ಸನಾರ್ ತಂಡ ಜನರಿಂದ 10 ಲಕ್ಷ ಡಾಲರಿಗಿಂತ ಹೆಚ್ಚು ಎತ್ತಿ, ವೃತ್ತಿಪರ ನಟರನ್ನು ಹಾಕಿಕೊಂಡಿತ್ತು. ದಾವೆ ನಡೆಯುತ್ತಿರುವಾಗಲೇ, 2016ರ ಜೂನಿನಲ್ಲಿ, ಸ್ಟುಡಿಯೋಗಳು ನಿಯಮ ಹೊರಡಿಸಿದವು: ಒಂದು ಕಥೆಗೆ 15 ನಿಮಿಷ, ಎರಡು ಭಾಗವಾದರೆ ಒಟ್ಟು 30, ಎತ್ತುವ ಹಣ 50,000 ಡಾಲರ್ ಮೀರಬಾರದು, ನಟರು, ತಂತ್ರಜ್ಞರು ಹವ್ಯಾಸಿಗಳೇ ಆಗಿರಬೇಕು, ಸಂಬಳ ಕೂಡದು, ಹಿಂದೆ ಸ್ಟಾರ್ ಟ್ರೆಕ್‌ನಲ್ಲಿ ಕೆಲಸ ಮಾಡಿದವರು ಇರಕೂಡದು, ಅಂಗಡಿಯಲ್ಲಿ ಸಿಗುವ ಉಡುಪು, ಪರಿಕರ ಬಳಸಿದರೆ ಅಧಿಕೃತ ಮಾಲೇ ಬೇಕು, ಡಿವಿಡಿ ಹಂಚುವಂತಿಲ್ಲ. ‘ಹವ್ಯಾಸಿ’ ಸ್ಟುಡಿಯೋ ಹಾಕಿದ ಷರತ್ತು. ಅದನ್ನೇ ಇಡೀ ಪ್ರಕಾರದ ಹೆಸರಾಗಿಸಿದರೆ ಅನುವಾದವೇ ಒಂದು ಪಕ್ಷದ ಪರ ವಾದಿಸಿದಂತೆ. ‘ಅಭಿಮಾನಿ ನಿರ್ಮಿತ ಚಿತ್ರ’ ಎಂದು ಮೊದಲ ಸಲ ಬರೆಯಿರಿ, ಫೋಟೋ ಎಂಬ ಗೊಂದಲ ತೀರುತ್ತದೆ. ಮುಂದೆ ‘ಅಭಿಮಾನಿ ಚಿತ್ರ’ ಸಾಕು.

ದರ್ಪಣ:
ಒಪ್ಪಿದೆ. ಮೂರೂ ಸಂಸ್ಕೃತ, ಸಮಾಸದೋಷವಿಲ್ಲ.

ಅಚ್ಚನುಡಿ:
ದೋಷವಿಲ್ಲದಿರುವುದೇ ಕನ್ನಡವೇ? ‘ಅಭಿಮಾನಿಗಳು ಮಾಡಿದ ಸಿನಿಮಾ’ ಎಂದರೆ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ‘ಸಿನಿಮಾ’ ಎರವಲು ಪದವಾದರೂ ನಮ್ಮದಾಗಿದೆ. ‘ನಿರ್ಮಿತ’ ಸಾವಿರ ವರ್ಷವಾದರೂ ಬಾಯಿಗೆ ಬಂದಿಲ್ಲ. ನಿಮ್ಮ ಅರಿಸಮಾಸದ ಕಟ್ಟಳೆ ಹಳಗನ್ನಡದ ಕಬ್ಬಕ್ಕೆ ಮಾಡಿದ್ದು, ಪತ್ರಿಕೆಗಲ್ಲ.

ದರ್ಪಣ:
ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನನ್ನು ಓದಿ ಮಾತಾಡಿ. ಅವನೂ ವಿನಾಯಿತಿ ಕೊಟ್ಟಿದ್ದಾನೆ, ಬಿರುದಾವಳಿಗೆ. ‘ಹಕ್ಕುಸ್ವಾಮ್ಯ’ ಬಿರುದಲ್ಲ.

ಅಚ್ಚನುಡಿ:
ಓದಿದ್ದೇನೆ. ಇದೇ ದಾವೆಯಲ್ಲಿ ನುಡಿಯ ಮಾತೂ ಬಂದಿತ್ತಲ್ಲ, ಅದನ್ನು ನೋಡಿ. ಸ್ಟಾರ್ ಟ್ರೆಕ್‌ನ ಅನ್ಯಗ್ರಹದವರು ಆಡುವ, ಮಾರ್ಕ್ ಓಕ್ರಂಡ್ ಕಟ್ಟಿದ ಕ್ಲಿಂಗಾನ್ ನುಡಿಯೂ ತಮ್ಮದೇ ಎಂದು ಸ್ಟುಡಿಯೋಗಳು ಪಟ್ಟಿಗೆ ಸೇರಿಸಿದ್ದವು. ನಿಘಂಟು ಬಂದದ್ದು 1985ರಲ್ಲಿ. ಆಮೇಲೆ ಜನ ಅದನ್ನು ಕಲಿತರು, ಆಡಿದರು, ಅದರಲ್ಲಿ ಬರೆದರು. ಹೊಸ ನುಡಿ ಕಟ್ಟುವವರ ಸಂಘವಾದ ಲ್ಯಾಂಗ್ವೇಜ್ ಕ್ರಿಯೇಶನ್ ಸೊಸೈಟಿಯವರು 2016ರಲ್ಲಿ ಕೋರ್ಟಿಗೆ ಹೋಗಿ, ಆಡುವ ನುಡಿಗೆ ಒಡೆಯನಿಲ್ಲ ಎಂದು ವಾದಿಸಿದರು. ನುಡಿ ಆಡುವವರದ್ದು, ಕಟ್ಟಳೆ ಬರೆದವರದ್ದಲ್ಲ. ಕನ್ನಡಕ್ಕೂ ಅದೇ ಮಾತು.

ವಕೀಲಿಕೆ:
ವಾದ ಒಳ್ಳೆಯದು. ಆದರೆ ಭಾಷೆಗೆ ಕೃತಿಸ್ವಾಮ್ಯ ಉಂಟೇ ಎಂಬುದನ್ನು ಕೋರ್ಟು ತೀರ್ಮಾನಿಸಲಿಲ್ಲ. ಲೇಖನದಲ್ಲಿ ‘ಕೋರ್ಟು ಒಪ್ಪಿತು’ ಎಂದು ಬಂದೀತು, ಜೋಪಾನ.

ಇನ್ನೊಂದು, ಮೇಡಂ. ಸ್ಟುಡಿಯೋಗಳ ಆ 2016ರ ನಿಯಮಗಳಲ್ಲಿ ಚಿತ್ರದ ಹೆಸರಿನೊಳಗೆ ‘ಸ್ಟಾರ್ ಟ್ರೆಕ್’ ಇರಬಾರದು. ಆದರೆ ಉಪಶೀರ್ಷಿಕೆಯಾಗಿ ‘ಎ ಸ್ಟಾರ್ ಟ್ರೆಕ್ ಫ್ಯಾನ್ ಪ್ರೊಡಕ್ಷನ್’ ಎಂಬ ಸಾಲು ಸಾದಾ ಅಕ್ಷರದಲ್ಲಿ ಬರಲೇಬೇಕು. ಈ ಸಾಲನ್ನು ಕನ್ನಡಿಸಬೇಡಿ. ಸ್ಟುಡಿಯೋ ಅಕ್ಷರಶಃ ಕೊಟ್ಟ ಪಾಠ ಅದು. ಉದ್ಧರಣ ಚಿಹ್ನೆಯೊಳಗೆ ಹಾಗೇ ಇಟ್ಟು, ಅರ್ಥವನ್ನು ಮುಂದಿನ ವಾಕ್ಯದಲ್ಲಿ ಹೇಳಿ. ‘ಡೆರಿವೇಟಿವ್ ವರ್ಕ್’ಗೆ ‘ಸಾಧಿತ ಕೃತಿ’ ನಡೆಯುತ್ತದೆ. ‘ರೂಪಾಂತರ’ ಮಾತ್ರ ಹಾಕಬೇಡಿ. ನಮ್ಮ ಕಾಯ್ದೆಯ ‘ಅಡಾಪ್ಟೇಶನ್’ಗೆ ಆ ಪದ ಬೇಕಾಗುತ್ತದೆ.